‘ಎರರ್’, ‘ರೆಸಿಡ್ಯುಯಲ್’ ಎರಡಕ್ಕೂ ‘ದೋಷ’ ಎಂದರೆ ಸಾಕೇ?

ಬಳಗದವರಿಗೆ ನಮಸ್ಕಾರ. ಬಿ.ಎಸ್ಸಿ. ಸಂಖ್ಯಾಶಾಸ್ತ್ರದ ಲೀನಿಯರ್ ಮಾಡೆಲ್ಸ್ ಪಾಠಕ್ಕೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಎರರ್’, ‘ರೆಸಿಡ್ಯುಯಲ್’ ಎರಡಕ್ಕೂ ‘ದೋಷ’ ಎಂದೇ ಇದೆ. ಎರಡನೆಯದಕ್ಕೆ ‘ಶೇಷ’ ಎನ್ನಬಹುದೇ, ‘ಉಳಿಕೆ’ ಎನ್ನಬೇಕೇ? ಬಲ್ಲವರು ತಿಳಿಸಿ.

ಉತ್ತರ:

ಸರ್, ಒಂದೇ ಪದ ಖಂಡಿತ ಸಾಲದು. ಅಳತೆಯು ನಿಜವಾದ ರೇಖೆಯಿಂದ ಎಷ್ಟು ಸರಿದಿದೆ ಎಂಬುದು ಎರರ್. ಆ ರೇಖೆ ನಮಗೆ ತಿಳಿಯದ ಕಾರಣ ಎರರ್ ಕೈಗೆ ಸಿಗುವುದಿಲ್ಲ. ನಾವೇ ದತ್ತಾಂಶದಿಂದ ಎಳೆದ ರೇಖೆಯಿಂದ ಅಳೆದಾಗ ಸಿಗುವುದು ರೆಸಿಡ್ಯುಯಲ್.

ಎಕ್ಸ್ 1, 2, 3, 4, 5. ವೈ 2, 4, 5, 4, 5 ಎಂದಿಟ್ಟುಕೊಳ್ಳಿ. ಲೀಸ್ಟ್ ಸ್ಕ್ವೇರ್ಸ್ ರೇಖೆ (ರೆಸಿಡ್ಯುಯಲ್ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಎಳೆದ ರೇಖೆ): ವೈ = 2.2 + 0.6 × ಎಕ್ಸ್. ರೇಖೆಯ ಮೇಲಿನ ಬೆಲೆಗಳು 2.8, 3.4, 4.0, 4.6, 5.2. ಇವನ್ನು ವೈಯಿಂದ ಕಳೆದರೆ ಸಿಗುವ ರೆಸಿಡ್ಯುಯಲ್ ಬೆಲೆಗಳು −0.8, 0.6, 1.0, −0.6, −0.2. ಕೂಡಿದರೆ ಸೊನ್ನೆ, ಎಕ್ಸ್‌ನಿಂದ ಗುಣಿಸಿ ಕೂಡಿದರೂ ಸೊನ್ನೆ. ಈ ಎರಡು ಕಟ್ಟುಪಾಡುಗಳಿರುವುದರಿಂದ ಮೂರು ಗೊತ್ತಾದರೆ ಉಳಿದೆರಡು ತಾವಾಗಿ ಗೊತ್ತಾಗುತ್ತವೆ. ಎರರ್ ಎಷ್ಟು ಚದುರಿದೆ ಎಂದು ಅಂದಾಜಿಸಲು ಇವುಗಳ ವರ್ಗಗಳ ಮೊತ್ತ 2.4 ಅನ್ನು 5ರ ಬದಲು 3ರಿಂದ ಭಾಗಿಸುವುದು ಇದಕ್ಕಾಗಿಯೇ. ಎರರ್‌ಗಳಿಗೆ ಇಂಥ ಕಟ್ಟುಪಾಡಿಲ್ಲ, ಅವು ಪರಸ್ಪರ ಸ್ವತಂತ್ರ ಎಂದೇ ನಾವು ಊಹಿಸುವುದು. ಎರಡಕ್ಕೂ ‘ದೋಷ’ ಎಂದು ಬರೆದರೆ ‘ದೋಷಗಳ ಮೊತ್ತ ಸೊನ್ನೆ’ ಎಂದೂ ‘ದೋಷಗಳು ಸ್ವತಂತ್ರ’ ಎಂದೂ ಒಂದೇ ಪುಟದಲ್ಲಿ ಬರುತ್ತದೆ. ಓದುವ ವಿದ್ಯಾರ್ಥಿ ಯಾವುದನ್ನು ನಂಬಬೇಕು?

ವೇರಿಯನ್ಸ್‌ನಲ್ಲಿ ಗೊಂದಲ ಇನ್ನೂ ಹೆಚ್ಚು (ವೇರಿಯನ್ಸ್ ಎಂದರೆ ಚದುರುವಿಕೆಯ ಅಳತೆ; ಅದರ ವರ್ಗಮೂಲವೇ ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್). ಎರರ್‌ನ ವೇರಿಯನ್ಸ್ ಎಲ್ಲೆಡೆ ಒಂದೇ, ಸಿಗ್ಮಾ ವರ್ಗ ಎಂದು ಊಹಿಸುತ್ತೇವೆ (ಸಿಗ್ಮಾ ಎಂದರೆ ಎರರ್ ಮಾನಕ ವಿಚಲನೆ); ರೆಸಿಡ್ಯುಯಲ್‌ನದು ಸಿಗ್ಮಾ ವರ್ಗ × (1 − ಲಿವರೇಜ್). ಒಂದು ಬಿಂದು ರೇಖೆಯನ್ನು ತನ್ನತ್ತ ಎಷ್ಟು ಎಳೆಯಬಲ್ಲದು ಎಂಬುದರ ಅಳತೆಯೇ ಲಿವರೇಜ್. ಇಲ್ಲಿ ಲಿವರೇಜ್‌ಗಳು 0.6, 0.3, 0.2, 0.3, 0.6. ತುದಿಯ ಬಿಂದುಗಳು ರೇಖೆಯನ್ನು ತಮ್ಮತ್ತ ಎಳೆದುಕೊಳ್ಳುವುದರಿಂದ ಅಲ್ಲಿನ ರೆಸಿಡ್ಯುಯಲ್ ಕುಗ್ಗುತ್ತದೆ. ಮೇಲುನೋಟಕ್ಕೆ ಮೂರನೆಯ ಬಿಂದುವಿನ 1.0 ದೊಡ್ಡದು. ಸ್ಟ್ಯಾಂಡರ್ಡೈಸ್ ಮಾಡಿದರೆ, ಅಂದರೆ ಪ್ರತಿ ರೆಸಿಡ್ಯುಯಲ್ ಅನ್ನು ಅದರದೇ ಮಾನಕ ವಿಚಲನೆಯ ಅಂದಾಜಿನಿಂದ ಭಾಗಿಸಿದರೆ, ಅದು 1.25 ಆಗುತ್ತದೆ, ಮೊದಲನೆಯದು −1.41. ದೊಡ್ಡದು ಯಾವುದೆಂಬುದೇ ಬದಲಾಯಿತು.

‘ಶೇಷ’ ಬೇಡ. ಭಾಜ್ಯ = ಭಾಜಕ × ಭಾಗಲಬ್ಧ + ಶೇಷ ಎಂದು ಶಾಲೆಯಲ್ಲೇ ಬಾಯಿಪಾಠವಾಗಿರುತ್ತದೆ; ಆ ಶೇಷ ಋಣಸಂಖ್ಯೆಯಾಗುವುದಿಲ್ಲ. ‘ಉಳಿಕೆ’ಗೆ ಈ ಹೊರೆಯಿಲ್ಲ, ಅಂದಾಜನ್ನು ಕಳೆದ ಮೇಲೆ ಉಳಿದದ್ದು ಎಂದು ಕೇಳಿದ ಕೂಡಲೇ ಹೊಳೆಯುತ್ತದೆ. ಎರರ್‌ಗೆ ‘ದೋಷ’ವೇ ಇರಲಿ. ‘ತಪ್ಪು’ ಎಂದರೆ ಅಳೆದವರು ಎಡವಿದರು ಎಂದಾಗುತ್ತದೆ. ಒಂದೇ ಬಿತ್ತನೆ, ಒಂದೇ ಗೊಬ್ಬರದ ಎರಡು ತಾಕುಗಳಲ್ಲಿ ರಾಗಿ ಇಳುವರಿ ಬೇರೆಯಾದರೆ ಅದು ಯಾರ ತಪ್ಪೂ ಅಲ್ಲ. ‘ವಿಚಲನೆ’ಯೂ ಬೇಡ, ಅದು ಆಗಲೇ ಮಾನಕ ವಿಚಲನೆಯಲ್ಲಿ ಬಳಕೆಯಲ್ಲಿದೆ.

ಇನ್ನೊಂದು ಕಡೆ ಎಚ್ಚರ ಬೇಕು. ಇದೇ ದತ್ತಾಂಶವನ್ನು ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ (R) ತಂತ್ರಾಂಶಕ್ಕೆ ಕೊಟ್ಟರೆ ‘ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್’ 0.8944 ಎಂದು ಬರುತ್ತದೆ. ಅದು 0.8ರ (2.4 ÷ 3) ವರ್ಗಮೂಲ, ಅಂದರೆ ಸಿಗ್ಮಾದ ಅಂದಾಜು. ಆ ಹೆಸರು ಸರಿಯಲ್ಲವೆಂದು ಆರ್‌ನ ಕೈಪಿಡಿಯೇ ಒಪ್ಪುತ್ತದೆ. ‘ಉಳಿಕೆಯ ಮಾನಕ ದೋಷ’ ಎಂದು ಪದಕ್ಕೆ ಪದ ಇಡುವ ಬದಲು ‘ದೋಷದ ಮಾನಕ ವಿಚಲನೆಯ ಅಂದಾಜು’ ಎಂದು ಬಿಡಿಸಿ ಬರೆಯಿರಿ. ಹಾಗೆಯೇ ಕೆಲವು ಪುಸ್ತಕಗಳ ಅನೋವಾ ಕೋಷ್ಟಕದಲ್ಲಿ (ಒಟ್ಟು ಏರಿಳಿತವನ್ನು ಮೂಲಗಳಿಗೆ ತಕ್ಕಂತೆ ಹಂಚಿ ತೋರಿಸುವ ಪಟ್ಟಿ) ‘ಎರರ್’ ಸಾಲಿನಲ್ಲಿರುವ 2.4 ನಿಜಕ್ಕೂ ಉಳಿಕೆಗಳ ವರ್ಗಗಳ ಮೊತ್ತ. ಅಲ್ಲಿ ‘ಉಳಿಕೆ’ ಎಂದೇ ಹಾಕಿ, ಮೂಲದ ಹೆಸರನ್ನು ಅಡಿಟಿಪ್ಪಣಿಯಲ್ಲಿ ಕೊಡಿ.