ಪದಚರ್ಚೆ: ಡೈನಮೋ ‘ಬದಲಿಸು’, ತಂತಿ ‘ಬದಲಿಸು’, ಜಾಗ ‘ಬದಲಿಸು’ – ಒಂದೇ ಕ್ರಿಯಾಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ತಾವೇ ಬಿಚ್ಚಿ ಜೋಡಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈಗ ನಡೆದಿರುವುದು ವಿದ್ಯುತ್ ವ್ಯವಸ್ಥೆಯ ಭಾಗ. ಅದರಲ್ಲಿ ಎರಡು ಕೆಲಸಗಳಿವೆ: ಡೈನಮೋ ಇದ್ದ ಕಾರಿಗೆ ಆಲ್ಟರ್ನೇಟರ್ ಹಾಕುವುದು (ಎರಡೂ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಯಂತ್ರಗಳೇ; ಡೈನಮೋ ಹಳೆಯದು, ಆಲ್ಟರ್ನೇಟರ್ ಆಮೇಲಿನದು), ಮತ್ತು ಆಲ್ಟರ್ನೇಟರ್ ಇರುವ ಜಾಗ ಅನುಕೂಲವಾಗಿಲ್ಲದಿದ್ದರೆ ಅದನ್ನು ಎಂಜಿನ್ನಿನ ಇನ್ನೊಂದು ಮಗ್ಗುಲಿಗೆ ಒಯ್ಯುವುದು. ಭಾಗಗಳ ಹೆಸರುಗಳ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ತೊಡಕು ಇರುವುದು ಕ್ರಿಯಾಪದದಲ್ಲಿ.

ಸಂದರ್ಭ ತಿಳಿಯಲೆಂದು ಒಂದೇ ಒಂದು ಕಾರನ್ನು ತೆಗೆದುಕೊಳ್ಳುತ್ತೇನೆ. ಬ್ರಿಟನ್ನಿನ ಎಂಜಿಬಿ 1962ರಲ್ಲಿ ಬಂದಾಗ ಅದರಲ್ಲಿ ಲೂಕಸ್ ಸಿ40 ಡೈನಮೋ ಇತ್ತು; ಅದರ ಗರಿಷ್ಠ ಸಾಮರ್ಥ್ಯ 22 ಆಂಪಿಯರ್. ಸೀಟುಗಳ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳು, ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಸೇರಿತ್ತು. 1967ರ ಕೊನೆಯಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ನೆಗೆಟಿವ್ ತುದಿ ಮೈಗೆ ಸೇರಿತು. ಮೊದಲ ಆವೃತ್ತಿಯ ಕಾರು ಇಟ್ಟುಕೊಂಡವರು ಇವೆರಡನ್ನೂ ತಮ್ಮ ಕಾರಿಗೆ ತಂದುಕೊಳ್ಳಲು ಬಯಸುವುದು ಸಹಜ. ರಾತ್ರಿ, ಮಳೆ, ಹೆಡ್‌ಲೈಟು, ವೈಪರು ಎಲ್ಲ ಒಟ್ಟಾಗಿರುವಾಗ ಸಿಗ್ನಲ್ಲಿನಲ್ಲಿ ಎಂಜಿನ್ ಮೆಲ್ಲಗೆ ಓಡುತ್ತಿದ್ದರೆ ಡೈನಮೋದಿಂದ ಹೇಳಿಕೊಳ್ಳುವಂಥದ್ದೇನೂ ಹುಟ್ಟುವುದಿಲ್ಲ, ಎಲ್ಲವೂ ಬ್ಯಾಟರಿಯ ತಲೆಯ ಮೇಲೆ.

ಈಗ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನವರು ಈ ಕೆಲಸಗಳಿಗೆ ರೀಪ್ಲೇಸ್, ಸ್ವಾಪ್, ಕನ್ವರ್ಟ್, ರೀಲೊಕೇಟ್ ಎಂದು ನಾಲ್ಕು ಮಾತು ಬಳಸುತ್ತಾರೆ. ನಮ್ಮ ಅನುವಾದಗಳು ನಾಲ್ಕಕ್ಕೂ ‘ಬದಲಿಸು’ ಅಥವಾ ‘ಬದಲಾಯಿಸು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಕಥೆ ಕಾದಂಬರಿಯಲ್ಲಿ ಇದರಿಂದ ನಷ್ಟವಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಗ್ಗಿ ನಿಂತವನಿಗೆ ನಷ್ಟವಿದೆ.

‘ಕಾಯಿಲ್‌ನ ಎರಡು ತಂತಿಗಳನ್ನು ಬದಲಿಸಿ’ ಎಂಬ ವಾಕ್ಯವನ್ನೇ ನೋಡಿ (ಕಾಯಿಲ್ ಎಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಹುಟ್ಟಿಸುವ ಸುರುಳಿ). ಬಹುಪಾಲು ಓದುಗರು ಹಳೆಯ ತಂತಿ ಕಿತ್ತು ಹೊಸದನ್ನು ಹಾಕುತ್ತಾರೆ, ಅದೂ ಶ್ರದ್ಧೆಯಿಂದ ಅದೇ ಜಾಗಗಳಿಗೆ. ಬೇಕಾದದ್ದು ಅದಲ್ಲ. ಮೈಗೆ ಸೇರುವ ಧ್ರುವ ಬದಲಾದಾಗ ಆ ತಂತಿಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಸಿಕ್ಕಿಸಬೇಕು. ಇಲ್ಲದಿದ್ದರೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯ ಧ್ರುವ ತಿರುಗಿ ಕಿಡಿ ಸೊರಗುತ್ತದೆ. ಕಾರು ಓಡುತ್ತದೆ, ಆದರೆ ಮುಗ್ಗರಿಸುತ್ತದೆ, ಕಾರಣ ಹುಡುಕುವವನು ಕಾರ್ಬುರೇಟರನ್ನು ಬಿಚ್ಚುತ್ತಾ ಕೂರುತ್ತಾನೆ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತು ಇದ್ದೇ ಇದೆ: ‘ಅದಲುಬದಲು ಮಾಡಿ’. ಆಡುಮಾತಿನ ಸೊಗಡಿದೆ ಎಂದು ತಾಂತ್ರಿಕ ಬರವಣಿಗೆಯವರು ಅದನ್ನು ದೂರ ಇಟ್ಟಿದ್ದಾರೆ. ‘ಪರಸ್ಪರ ವಿನಿಮಯ ಮಾಡಿಕೊಳ್ಳಿ’ ಎಂದು ಬರೆದರೆ ಅವರಿಗೆ ನೆಮ್ಮದಿ. ನನಗೆ ಅದು ಎರಡು ರಾಯಭಾರ ಕಚೇರಿಗಳ ನಡುವಿನ ವ್ಯವಹಾರದಂತೆ ಕೇಳಿಸುತ್ತದೆ.

ಇನ್ನೂ ಸಿಕ್ಕಾದ ವಾಕ್ಯವೊಂದಿದೆ: ‘ಬ್ಯಾಟರಿಯ ಕೇಬಲ್ ತುದಿಗಳನ್ನು ಬದಲಿಸಿ.’ ಇಲ್ಲಿ ಎರಡೂ ಅರ್ಥ ಬೇಕು. ಯಾವ ಕೇಬಲ್ ಯಾವ ಧ್ರುವಕ್ಕೆ ಎಂಬುದು ಅದಲುಬದಲಾಗಬೇಕು. ಜೊತೆಗೆ, ಬ್ಯಾಟರಿಯ ಪಾಸಿಟಿವ್ ಗೂಟ ನೆಗೆಟಿವ್ ಗೂಟಕ್ಕಿಂತ ತುಸು ದಪ್ಪವಾಗಿರುವುದರಿಂದ ಹಳೆಯ ಬಿಗಿಪಟ್ಟಿಗಳು ಸರಿಯಾಗಿ ಕೂರುವುದಿಲ್ಲ, ಅವನ್ನು ತೆಗೆದು ಬೇರೆ ಅಳತೆಯವನ್ನು ಹಾಕಬೇಕು. ಓದುಗ ಎರಡನೆಯದನ್ನು ಮಾತ್ರ ಮಾಡಿ ಮೊದಲನೆಯದನ್ನು ಬಿಟ್ಟನೆಂದುಕೊಳ್ಳಿ. ಆಲ್ಟರ್ನೇಟರಿನ ಡಯೋಡುಗಳಿಗೆ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳಿಗೆ) ಬ್ಯಾಟರಿ ಉಲ್ಟಾ ಸೇರಿದರೆ ಅವು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಡೈನಮೋ ಆಗಿದ್ದರೆ ಅದನ್ನು ಹೊಸ ಧ್ರುವಕ್ಕೆ ಒಗ್ಗಿಸಿಕೊಳ್ಳಬಹುದಿತ್ತು; ಆಲ್ಟರ್ನೇಟರ್ ಅಂಥ ಸಲಿಗೆ ಕೊಡುವುದಿಲ್ಲ. ಒಂದು ಕ್ರಿಯಾಪದದ ಸೋಮಾರಿತನಕ್ಕೆ ಹೊಸ ಆಲ್ಟರ್ನೇಟರ್ ದಂಡ.

ಇದರ ಜೊತೆಗೇ ಬರುವ ಇನ್ನೊಂದು ಪೀಡೆ ‘ಇಂದ’ ಪ್ರತ್ಯಯ. ‘ಡೈನಮೋವನ್ನು ಆಲ್ಟರ್ನೇಟರ್‌ನಿಂದ ಬದಲಾಯಿಸಿ’ ಎಂದು ಈಚೆಗೆ ಎಲ್ಲೆಡೆ ಕಾಣುತ್ತಿದೆ, ಯಂತ್ರಾನುವಾದದ ಕೃಪೆ. ಕನ್ನಡದಲ್ಲಿ ‘ಸ್ಪ್ಯಾನರಿನಿಂದ ಬಿಗಿಮಾಡಿ’ ಎನ್ನುತ್ತೇವೆ, ‘ಪೆಟ್ಟಿಗೆಯಿಂದ ತೆಗೆಯಿರಿ’ ಎನ್ನುತ್ತೇವೆ. ಹಾಗಾದರೆ ಮೇಲಿನ ವಾಕ್ಯದಲ್ಲಿ ಆಲ್ಟರ್ನೇಟರ್ ಒಂದು ಉಪಕರಣವಾಯಿತು, ಇಲ್ಲವೇ ಡೈನಮೋ ಅದರೊಳಗಿಂದ ಬರುವ ವಸ್ತುವಾಯಿತು. ನಾನು ಇಟ್ಟುಕೊಂಡಿರುವ ರೂಪ ಹೀಗಿದೆ: ‘ಡೈನಮೋ ತೆಗೆದು ಆ ಜಾಗಕ್ಕೆ ಆಲ್ಟರ್ನೇಟರ್ ಕೂರಿಸಿ.’ ಎರಡು ಕ್ರಿಯೆ, ಎರಡು ಕ್ರಿಯಾಪದ, ಮಾಡುವ ಕ್ರಮವೂ ಅದೇ. ಉದ್ದವಾಯಿತು ಎನ್ನುವವರು ಗ್ಯಾರೇಜಿನಲ್ಲಿ ಕಿವಿಗೊಟ್ಟು ನೋಡಲಿ. ‘ಅಳವಡಿಸು’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಭಾಗ ಕೂರುತ್ತದೆ, ಕೂರುವುದಿಲ್ಲ, ಓರೆಯಾಗಿ ಕೂತಿದೆ. ‘ಅಳವಡಿಸು’ ತಪ್ಪಲ್ಲ, ಆದರೆ ಓರೆಯಾಗಿ ಅಳವಡಿಕೆಯಾಗಿದೆ ಎಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಬೆಲ್ಟ್ ಬದಿ ಸವೆಯುತ್ತದೆ ಎಂಬ ಎಚ್ಚರ ಯಾರಿಗೂ ಹುಟ್ಟದು.

ಇಡೀ ಕಾರನ್ನು ಡೈನಮೋದಿಂದ ಆಲ್ಟರ್ನೇಟರಿಗೆ ತರುವ ಒಟ್ಟು ಕೆಲಸಕ್ಕೆ ‘ಮಾರ್ಪಾಡು’ ಎಂದು ಬರೆದಿದ್ದೇನೆ. ‘ಪರಿವರ್ತನೆ’ ಬೇಡವೆನ್ನಲು ಕಾರಣ, ಅದೇ ಪುಟದಲ್ಲಿ ಟ್ರಾನ್ಸ್‌ಫಾರ್ಮರಿನ ನೆನಪು ತರುವ ‘ಪರಿವರ್ತಕ’ ಓದುಗನ ತಲೆಯಲ್ಲಿ ಓಡಾಡತೊಡಗುತ್ತದೆ.

ಇನ್ನು ಜಾಗ ಬದಲಿಸುವುದು. ಎಂಜಿಬಿಯಲ್ಲಿ, ಚಾಲಕನ ಸೀಟಿನಿಂದ ನೋಡಿದಾಗ, ಎಕ್ಸಾಸ್ಟ್ ಎಂಜಿನ್ನಿನ ಎಡಕ್ಕೆ, ಡೈನಮೋ ಬಲಕ್ಕೆ, ಅಲ್ಲಿ ಜಗಳವಿಲ್ಲ. ಬೇರೆ ಎಂಜಿನ್ ಹಾಕಿಸಿಕೊಂಡ ಕಾರುಗಳಲ್ಲಿ ಆಲ್ಟರ್ನೇಟರ್ ಎಕ್ಸಾಸ್ಟಿನ ಬಿಸಿಗೋ ಸ್ಟಿಯರಿಂಗ್ ದಂಡಕ್ಕೋ ಅಡ್ಡ ಬಂದಾಗ ಅದನ್ನು ಎತ್ತಿ ಆಚೆ ಬದಿಗೆ ಒಯ್ಯಬೇಕಾಗುತ್ತದೆ. ಇದಕ್ಕೆ ಮೂರು ಪದ ಯೋಚಿಸಿದೆ. ‘ಸ್ಥಳಾಂತರ’ ಸರಿಯಾದ ಪದವೇ, ಆದರೆ ಪತ್ರಿಕೆಗಳಲ್ಲಿ ಅದು ನೆರೆ ಸಂತ್ರಸ್ತರಿಗೂ ಕಚೇರಿಗಳಿಗೂ ಮೀಸಲಾಗಿಬಿಟ್ಟಿದೆ. ‘ಸ್ಥಾನಪಲ್ಲಟ’ದಲ್ಲಿ ಏನೋ ಕೆಟ್ಟದ್ದು ನಡೆದ ಧ್ವನಿಯಿದೆ, ಬ್ರಾಕೆಟ್ ಮುರಿದು ಆಲ್ಟರ್ನೇಟರ್ ತಾನೇ ಜಾರಿದರೆ ಅದು ಸ್ಥಾನಪಲ್ಲಟ. ‘ಎತ್ತಂಗಡಿ’ ಎಂದು ಬರೆಯುವ ಆಸೆಯಂತೂ ಬಲವಾಗಿದೆ, ಹೊಸ ಜಾಗದಲ್ಲಿ ಕಾಟ ಕಡಿಮೆಯೇನೂ ಇರುವುದಿಲ್ಲವಾದ್ದರಿಂದ ಅರ್ಥವೂ ಹೊಂದುತ್ತದೆ, ಆದರೆ ಕೈಪಿಡಿಗೆ ಗಾಂಭೀರ್ಯ ಬೇಕಂತೆ. ಸದ್ಯಕ್ಕೆ ‘ಬೇರೆಡೆ ಕೂರಿಸು’ ಎಂದೇ ಇಟ್ಟಿದ್ದೇನೆ. ತಲೆಬರಹಕ್ಕೆ ನಾಮರೂಪ ಬೇಕು: ‘ಎಡೆಪಲ್ಲಟ’ವೇ, ‘ಜಾಗ ಬದಲಾವಣೆ’ಯೇ?

ಇದರಲ್ಲೇ ಒಂದು ಉಪಪ್ರಶ್ನೆ. ಆಲ್ಟರ್ನೇಟರನ್ನು ಆಚೆ ಬದಿಗೆ ಒಯ್ಯುವುದು ಬೇರೆ, ಅದರ ಮುಖ ಹಿಂದಕ್ಕೆ ತಿರುಗಿಸಿ ಕೂರಿಸುವುದು ಬೇರೆ. ಪಕ್ಕ ಬದಲಾದರೂ ಪುಲ್ಲಿಯ ಮುಖ ಮುಂದಕ್ಕೇ ಇದ್ದು ಅದೇ ಬೆಲ್ಟಿನ ಒಳಮೈಯಿಂದ ಓಡಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮುಖ ಹಿಂದಕ್ಕಾದರೆ ಅದರ ಪಾಲಿಗೆ ತಿರುಗುವ ದಿಕ್ಕು ಉಲ್ಟಾ. ವಿದ್ಯುತ್ತಿಗೆ ಅದರಿಂದ ಬಾಧಕವಿಲ್ಲ, ಡಯೋಡುಗಳು ನೋಡಿಕೊಳ್ಳುತ್ತವೆ. ಆದರೆ ಓರೆ ರೆಕ್ಕೆಯ ಫ್ಯಾನು ಇದ್ದರೆ ಗಾಳಿ ಸರಿಯಾಗಿ ಎಳೆಯದೆ ಆಲ್ಟರ್ನೇಟರ್ ಕಾದುಹೋಗುತ್ತದೆ. ತಿರುಗುವ ದಿಕ್ಕಿಗೆ ‘ಪ್ರದಕ್ಷಿಣ, ಅಪ್ರದಕ್ಷಿಣ’ ನನಗೆ ಬಹಳ ಇಷ್ಟ. ಎಲ್ಲಿ ನಿಂತು ನೋಡಿದಾಗ ಎಂಬುದನ್ನು ಮಾತ್ರ ಪ್ರತಿ ಸಲ ಹೇಳಲೇಬೇಕು.

ಹೆಸರಿನ ವಿಷಯ ಯಾರಾದರೂ ಎತ್ತಿಯೇ ಎತ್ತುತ್ತೀರಿ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆಲ್ಟರ್ನೇಟರಿಗೆ ‘ಪರ್ಯಾಯಕ’ ಎಂಬ ಸಲಹೆ ಬಂದಿತ್ತು. ಪಠ್ಯಪುಸ್ತಕದ ‘ಪರ್ಯಾಯ ವಿದ್ಯುತ್’ನಲ್ಲಿ ಪರ್ಯಾಯವೆಂದರೆ ಸರದಿ, ಒಮ್ಮೆ ಆ ದಿಕ್ಕು, ಒಮ್ಮೆ ಈ ದಿಕ್ಕು. ಪದದ ಹಳೆಯ ಅರ್ಥಕ್ಕೆ ಅದು ನಿಷ್ಠವಾಗಿದೆ. ಇಂದಿನ ಓದುಗನಿಗೆ ಪರ್ಯಾಯವೆಂದರೆ ಪರ್ಯಾಯ ಮಾರ್ಗ, ಒಂದರ ಬದಲಿಗೆ ಇನ್ನೊಂದು. ಡೈನಮೋಗೆ ಬದಲಾಗಿ ಹಾಕುವುದಕ್ಕೇ ಅದು ಪರ್ಯಾಯಕ ಎಂದು ಆತ ನಂಬಿದರೆ ತಪ್ಪು ಅವನದಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪ ನನ್ನದು: ದಿಕ್ಕು ಬದಲಿಸುವ ವಿದ್ಯುತ್ ಡೈನಮೋದ ಸುರುಳಿಗಳಲ್ಲೂ ಹುಟ್ಟುತ್ತದೆ. ಅಲ್ಲಿ ಕಮ್ಯುಟೇಟರ್ (ಸುರುಳಿಗಳ ಜೊತೆ ತಿರುಗುವ ತಾಮ್ರದ ಹೋಳುಗಳ ಉಂಗುರ) ಮತ್ತು ಅದಕ್ಕೆ ಒತ್ತಿಕೊಂಡಿರುವ ಕುಂಚಗಳು ಅದನ್ನು ನೇರ ಮಾಡುತ್ತವೆ, ಇಲ್ಲಿ ಡಯೋಡುಗಳು. ಕಮ್ಯುಟೇಟರಿನ ಹಂಗಿಲ್ಲದ ಆಲ್ಟರ್ನೇಟರನ್ನು ಚಿಕ್ಕ ಪುಲ್ಲಿ ಹಾಕಿ ಹೆಚ್ಚು ವೇಗದಲ್ಲಿ ತಿರುಗಿಸಬಹುದು. ಎಂಜಿನ್ ಮೆಲ್ಲಗೆ ಓಡುವಾಗಲೂ ವಿದ್ಯುತ್ ಹುಟ್ಟುವ ಗುಟ್ಟು ಅದೇ. ಎಂಜಿಬಿಯಲ್ಲಿ ಮೊದಮೊದಲು ಹಾಕಿದ ಲೂಕಸ್ 16ಎಸಿ ಆಲ್ಟರ್ನೇಟರ್ 34 ಆಂಪಿಯರ್ ಕೊಡುತ್ತಿತ್ತು, ಆಮೇಲಿನ 18ಎಸಿಆರ್ 43. ಹೆಸರಿನೊಳಗೆ ಈ ವ್ಯತ್ಯಾಸ ಹಿಡಿಯದಿರುವಾಗ ‘ಆಲ್ಟರ್ನೇಟರ್’ ಇರುವಂತೆಯೇ ಇರಲಿ.

ಬ್ಯಾಟರಿಯ ಒಂದು ತುದಿಯನ್ನು ಕಾರಿನ ಮೈಗೆ ಸೇರಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಅರ್ಥ್’ ಎಂಬ ಮಾತಿಗೆ ಮಾತ್ರ ನಿಮ್ಮ ಸಹಾಯ ಬೇಕೇ ಬೇಕು. ‘ಪಾಸಿಟಿವ್ ಅರ್ಥ್ ಕಾರು’ ಎಂದು ಬರೆದರೆ ಅದು ಸಕಾರಾತ್ಮಕ ಅರ್ಥವುಳ್ಳ ಕಾರು ಎಂದಾಗುತ್ತದೆ. ‘ಭೂಸಂಪರ್ಕ’ ಎಂದರೆ ಶುದ್ಧ ಸುಳ್ಳು, ಕಾರು ನಿಂತಿರುವುದು ರಬ್ಬರಿನ ಮೇಲೆ. ಕಾರಿನ ಲೋಹದ ಮೈಯೇ ಇಲ್ಲಿ ವಾಪಸು ದಾರಿ. ಆದ್ದರಿಂದ ‘ಮೈಗೆ ಪಾಸಿಟಿವ್’, ‘ಮೈಗೆ ನೆಗೆಟಿವ್’ ಎಂದು ಬರೆಯುತ್ತಿದ್ದೇನೆ. ‘ಒಡಲು’ ಎಂದರೆ ಹೇಗೆ? ಕಾವ್ಯವಾಯಿತು ಎನ್ನುವ ಭಯವಿದೆ.

ಚಿಕ್ಕವು ಎರಡು ಉಳಿದಿವೆ. ಡೈನಮೋದ ವೋಲ್ಟೇಜು ಬ್ಯಾಟರಿಗಿಂತ ಕೆಳಗಿಳಿದಾಗ ನಂಟು ಕಡಿದು ವಿದ್ಯುತ್ ಹಿಂದಕ್ಕೆ ಹರಿಯದಂತೆ ತಡೆಯುವ ಸ್ವಿಚ್ಚಿಗೆ ‘ಕಟ್‌ಔಟ್’ ಎಂದೇ ಹೆಸರು. ಕನ್ನಡದ ಓದುಗನಿಗೆ ಕಟ್‌ಔಟ್ ಎಂದರೆ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಎರಡನೆಯದು, ಚಾರ್ಜಿನ ಎಚ್ಚರಿಕೆ ದೀಪದ ಮೂಲಕ ಆಲ್ಟರ್ನೇಟರಿಗೆ ಹೋಗುವ ಆರಂಭದ ಪುಟ್ಟ ಪ್ರವಾಹ. ಆ ಬಲ್ಬು ಸುಟ್ಟುಹೋದರೆ ಎಂಜಿನ್ ಶುರುವಾದರೂ ಆಲ್ಟರ್ನೇಟರ್ ಎಚ್ಚರಗೊಳ್ಳದೆ ಸುಮ್ಮನೆ ತಿರುಗುತ್ತಿರಬಹುದು. ಇದನ್ನು ‘ಉತ್ತೇಜನ ಪ್ರವಾಹ’ ಎಂದು ಬರೆದು ಹೊಡೆದುಹಾಕಿ ‘ಎಬ್ಬಿಸುವ ಪ್ರವಾಹ’ ಎಂದು ತಿದ್ದಿದ್ದೇನೆ. ಗ್ಯಾರೇಜಿನಲ್ಲಿ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ, ನಿಘಂಟಿನಲ್ಲಿ ಇಲ್ಲದಿದ್ದರೂ, ಅದನ್ನೇ ಮೊದಲು ತಿಳಿಸಿ.