ಸಹಾಯ ಬೇಕು: ಟೈಮಿಂಗ್ ಬೆಲ್ಟ್ ಹಲ್ಲು ಉದುರಿದೆ, ಹೆಡ್ ಬಿಚ್ಚಿಸಲೇಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಡೀಸೆಲ್ ಕಾರು, 1,18,000 ಕಿ.ಮೀ. ಓಡಿದೆ. ಭಾನುವಾರ ಸಕಲೇಶಪುರ ದಾಟಿ ಹಾಸನದ ಕಡೆ ಬರುವಾಗ ಇಂಜಿನ್ ಒಮ್ಮೆಲೇ ಆಫ್ ಆಯಿತು. ಟಕ್ ಅಂತ ಒಂದು ಸದ್ದು, ಅಷ್ಟೇ. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಯಾವತ್ತಿಗಿಂತ ಹಗುರವಾಗಿ, ಜೋರಾಗಿ ಸುತ್ತಿತು. ಸಿಲಿಂಡರ್ ಒಳಗೆ ಗಾಳಿ ಒತ್ತುವ ಕಂಪ್ರೆಶನ್ನೇ ಇಲ್ಲ ಅನ್ನಿಸಿತು. ಇನ್ನೊಮ್ಮೆ ಸ್ಟಾರ್ಟ್ ಮಾಡಲು ಹೋಗದೆ ಟೋ ಮಾಡಿಸಿದೆ.

ಕವರ್ ಬಿಚ್ಚಿದಾಗ ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಬೆಲ್ಟ್) ತುಂಡಾಗಿರಲಿಲ್ಲ. ಕ್ರ್ಯಾಂಕ್ ಪುಲ್ಲಿ ಹತ್ತಿರ ಎಂಟು ಹಲ್ಲು ಉದುರಿ ಸಪಾಟಾಗಿತ್ತು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ನ ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಇದ್ದ ಹಾಗೆ ಗರಗರ ಅನ್ನುತ್ತದೆ.

ಮೆಕ್ಯಾನಿಕ್ 'ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಸಾರ್' ಅನ್ನುತ್ತಾರೆ. ನನಗೆ ಭಯ. ಡೀಸೆಲ್ ಇಂಜಿನ್‌ನಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ವಾಲ್ವಿಗೆ ಬಡಿಯುವುದೇ ಜಾಸ್ತಿ ಅಲ್ವಾ? ಬೆಲ್ಟನ್ನು ಮಾರ್ಕಿಗೆ ಕೂರಿಸಿ, ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಆಮೇಲೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಸೋರುತ್ತದೆಯಾ ಅಂತ ನೋಡುವುದು) ಮಾಡಿಸಿದರೆ ವಾಲ್ವ್ ಬಾಗಿದೆಯಾ ಅಂತ ಗೊತ್ತಾಗುತ್ತಾ? ಇಲ್ಲ, ಸುಮ್ನೆ ದಿನ ಕಳೆಯದೆ ಹೆಡ್ (ವಾಲ್ವ್‌ಗಳಿರುವ ಇಂಜಿನ್ ಮೇಲ್ಭಾಗ) ಬಿಚ್ಚಿಸಲಾ? ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಹೇಗೂ ಒಟ್ಟಿಗೇ ಬದಲಿಸುತ್ತೇನೆ.

ಹಾಸನದಲ್ಲಿ ಡೀಸೆಲ್ ಹೆಡ್ ಕೆಲಸ ಚೆನ್ನಾಗಿ ಮಾಡುವವರು ಗೊತ್ತಿದ್ದರೂ ದಯವಿಟ್ಟು ತಿಳಿಸಿ. ವಾರಕ್ಕೆರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕಾರು ಇದು.