ಮಿಸಿಸಿಪ್ಪಿ ಸ್ಟೀಮ್‌ಬೋಟ್‌ಗಳ ಬಾಯ್ಲರ್ ಯಾಕೆ ಅಷ್ಟು ಸಿಡಿಯುತ್ತಿದ್ದವು?

ದಡದವ:
ಹಡ್ಸನ್ ನದಿಯ ದೋಣಿಗಳಲ್ಲಿ ಹೆಚ್ಚಾಗಿ ಕಡಿಮೆ ಒತ್ತಡದ ಎಂಜಿನ್. ಮಿಸಿಸಿಪ್ಪಿಗೆ ಬಂದರೆ ಹೆಚ್ಚು ಒತ್ತಡದ್ದು. ಅಪಾಯ ಅಂತ ಗೊತ್ತಿದ್ದೂ ಅದನ್ನೇ ಯಾಕೆ ಹಾಕಿದರು? ಸಿಡಿಯೋದಕ್ಕೆ ಒತ್ತಡವೊಂದೇ ಕಾರಣವೇ?

ಹಬೆಗುಂಡಿ:
ಹಡ್ಸನ್ ಆಳದ ನದಿ, ತೂಕ ತಡೆಯುತ್ತೆ. ಕಡಿಮೆ ಒತ್ತಡದ ಎಂಜಿನ್‌ಗೆ ದೊಡ್ಡ ಸಿಲಿಂಡರ್, ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್, ಏರ್ ಪಂಪ್ ಎಲ್ಲ ಬೇಕು. ಮಿಸಿಸಿಪ್ಪಿಯಲ್ಲಿ ಅಷ್ಟು ಕಬ್ಬಿಣ ಹೇರಿದರೆ ನೀರಿಳಿದಾಗ ತಳ ಮರಳುದಿಬ್ಬಕ್ಕೆ ಕೂತುಬಿಡುತ್ತೆ. ಹೆಚ್ಚು ಒತ್ತಡದ್ದು ಹಗುರ, ಅಗ್ಗ. ಕೆಲಸ ಮುಗಿಸಿದ ಹಬೆಯನ್ನು ಗಾಳಿಗೆ ಬಿಟ್ಟರಾಯಿತು. ಸೌದೆ ಜಾಸ್ತಿ ತಿನ್ನುತ್ತೆ, ನಿಜ. ಆದರೆ ದಡದುದ್ದಕ್ಕೂ ಕಾಡು; ಕಾರ್ಡ್ ಲೆಕ್ಕದಲ್ಲಿ (4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ) ಸೌದೆ ಸಿಗುತ್ತಿತ್ತು. ಲಾಭ ನೋಡಿ: 1815ರಲ್ಲಿ ಸ್ಟೀಮ್‌ಬೋಟ್ ಎಂಟರ್‌ಪ್ರೈಸ್ ನ್ಯೂ ಆರ್ಲಿಯನ್ಸ್‌ನಿಂದ ಲೂಯಿವಿಲ್‌ಗೆ ಪ್ರವಾಹಕ್ಕೆದುರಾಗಿ 25 ದಿನದಲ್ಲಿ ಹತ್ತಿತು. ಕೀಲ್‌ಬೋಟನ್ನು ಕೋಲೂರಿ, ಹಗ್ಗ ಕಟ್ಟಿ ಎಳೆದು ತರಲು ಮೂರು ನಾಲ್ಕು ತಿಂಗಳು.

ಕೊಳಾಯಿ:
ಒತ್ತಡಕ್ಕಿಂತ ದೊಡ್ಡ ಶತ್ರು ನೀರಿನ ಕೊರತೆ. ಬಾಯ್ಲರ್ ಒಳಗೆ ಉದ್ದಕ್ಕೂ ಹೊಗೆಕೊಳವೆ ಇರುತ್ತೆ. ನೀರು ಅದರ ನೆತ್ತಿಗಿಂತ ಕೆಳಗಿಳಿದರೆ ತಗಡು ಕೆಂಪಗೆ ಕಾದು ಮೆತ್ತಗಾಗುತ್ತೆ. ಮೊದಮೊದಲು ನೀರೂಡುವ ಪಂಪ್ ಓಡುತ್ತಿದ್ದದ್ದು ಮುಖ್ಯ ಎಂಜಿನ್ ಬಲದಿಂದ. ದಡದಲ್ಲಿ ನಿಂತರೆ ಪಂಪೂ ನಿಂತಿತು, ಒಲೆ ಮಾತ್ರ ಉರಿಯುತ್ತಲೇ ಇತ್ತು. ಅದಕ್ಕೇ ಆಮೇಲೆ ಪ್ರತ್ಯೇಕ ಪುಟ್ಟ ಎಂಜಿನ್ ಇಟ್ಟರು. ಅದಕ್ಕೆ ಅವರಿಟ್ಟ ಅಡ್ಡಹೆಸರು 'ಡಾಕ್ಟರ್'!
ಇನ್ನೊಂದು: ಬಾಯ್ಲರ್‌ಗಳು ಅಕ್ಕಪಕ್ಕ, ನೀರಿನ ಕೊಳವೆಯಿಂದ ಜೋಡಿಸಿದವು. ಜನ ಎಲ್ಲ ಒಂದೇ ಬದಿಗೆ ನುಗ್ಗಿದರೆ ದೋಣಿ ವಾಲುತ್ತೆ, ನೀರು ಕೆಳಬದಿಯ ಬಾಯ್ಲರ್‌ಗೆ ಹರಿಯುತ್ತೆ, ಮೇಲಿನದು ಒಣಗುತ್ತೆ. ದೋಣಿ ನೆಟ್ಟಗಾದಾಗ ಕಾದ ತಗಡಿನ ಮೇಲೆ ನೀರು ಬಿದ್ದರೆ ಹಬೆ ದಿಢೀರನೆ ಉಕ್ಕುತ್ತೆ. ಹೆಚ್ಚಾದ ಹಬೆಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಮೇಲೆ ಯಾರಾದರೂ ಹೆಚ್ಚಿನ ಭಾರ ನೇತುಹಾಕಿದ್ದರೆ ಕೇಳಲೇ ಬೇಡಿ.

ಹಬೆಗುಂಡಿ:
ಕೆಸರನ್ನೂ ಸೇರಿಸಿ. ನದಿನೀರೇ ಬಾಯ್ಲರ್‌ಗೆ ಹೋಗುತ್ತಿತ್ತು. ಮಣ್ಣು ತಳಕ್ಕೆ ಕೂತು ಹೆಪ್ಪುಗಟ್ಟಿದ ಜಾಗದಲ್ಲಿ ತಗಡಿಗೆ ನೀರು ಮುಟ್ಟುವುದಿಲ್ಲ, ಅಲ್ಲೇ ಸುಡುತ್ತೆ. ಎರಡು ದಪ್ಪ ಕೊಳವೆಯ ಬಾಯ್ಲರಾದರೆ ಕೆರೆದು ತೊಳೆಯಬಹುದು. ಸುಲ್ತಾನಾ ಎಂಬ ಸ್ಟೀಮ್‌ಬೋಟಿನಲ್ಲಿದ್ದದ್ದು ಬಾಯ್ಲರ್‌ಗೆ 24 ಸಣ್ಣ ಕೊಳವೆ. ಸಂದಿಯಲ್ಲಿ ಕೆಸರು ತುಂಬಿದರೆ ಕೈ ಹೋಗದು. ಮೇಲಾಗಿ ವಿಕ್ಸ್‌ಬರ್ಗ್‌ನಲ್ಲಿ ಉಬ್ಬಿ ಸೋರುತ್ತಿದ್ದ ಕಡೆ ತೆಳು ತಗಡಿನ ತೇಪೆ. 376 ಜನರ ಪರವಾನಗಿ, ಹತ್ತಿದ್ದವರು 2,000ಕ್ಕೂ ಹೆಚ್ಚು. 1865ರ ಏಪ್ರಿಲ್ 27ರ ನಸುಕಿನಲ್ಲಿ ಮೆಂಫಿಸ್ ದಾಟಿದ ಮೇಲೆ ಸಿಡಿಯಿತು. ಬಾಯ್ಲರ್ ತಪಾಸಣೆ, ಎಂಜಿನಿಯರ್‌ಗೆ ಲೈಸೆನ್ಸ್ ಕಡ್ಡಾಯ ಮಾಡಿದ 1852ರ ಅಮೆರಿಕದ ಕಾಯ್ದೆ ಆಗಲೇ ಜಾರಿಯಲ್ಲಿತ್ತು.